ಅಡಿಗಲ್ಲಿನ ಕಾಲದ ಮುಖ್ಯಮಂತ್ರಿ

ವಿಧಾನಸೌಧ ಕಟ್ಟಿಸಿದ್ದು ಯಾರು ಎಂದು ನಮ್ಮ ಆನೇಕಲ್ಲಿನಲ್ಲಿ ಯಾರನ್ನೇ ಕೇಳಿ, ಕೆಂಗಲ್ ಹನುಮಂತಯ್ಯ ಅನ್ನುತ್ತಾರೆ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು ಎಂದರೂ ಹಲವರ ಬಾಯಿಗೆ ಬರುವುದು ಅದೇ ಹೆಸರು. ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ನೆನಪಿರುವುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ, ಅದೂ ಒಂದು ಅಂಕದ ಪ್ರಶ್ನೆಯಾಗಿ.

ಈ ಮರೆವಿಗೆ ಕಾರಣ ಅವರ ಕೆಲಸದ ಸ್ವರೂಪದಲ್ಲೇ ಇದೆ. 1947ರ ಆಗಸ್ಟ್ 15 ಕಳೆದರೂ ಮೈಸೂರನ್ನು ಆಳುತ್ತಿದ್ದುದು ಅರಮನೆ ಮತ್ತು ದಿವಾನರು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು, ನಾಯಕರು ಜೈಲು ಸೇರಿದರು. ಅಕ್ಟೋಬರಿನಲ್ಲಿ ರಾಜಿಯಾಗಿ ರೆಡ್ಡಿಯವರ ಮಂತ್ರಿಮಂಡಲ ಬಂತು. ಆಗಲೂ ರಾಮಸ್ವಾಮಿ ಮೊದಲಿಯಾರರು ದಿವಾನರಾಗಿಯೇ ಉಳಿದಿದ್ದರು! ಅಲ್ಲಿಂದ 1952ರ ಚುನಾವಣೆಯವರೆಗಿನ ನಾಲ್ಕು ಚಿಲ್ಲರೆ ವರ್ಷಗಳಲ್ಲಿ ಮಹಾರಾಜರ ಪ್ರಜೆ ಮತದಾರನಾದ. ಇಂಥದ್ದಕ್ಕೆ ಗುಮ್ಮಟ ಇಡಲಾಗುವುದಿಲ್ಲ. ಜನ ಈಗಲೂ ಮಿನಿ ವಿಧಾನಸೌಧ ಎನ್ನುವ ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ನಿಂತ ರೈತ ಗುಮಾಸ್ತರ ಜೊತೆ ದನಿ ಏರಿಸಿ ವಾದಿಸುತ್ತಾನಲ್ಲ, ಆ ದನಿಯಲ್ಲಿ ಅದನ್ನು ಹುಡುಕಬೇಕು.

ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್‌ಗೂ ಹೀಗೇ ಆಯಿತು. ರಾಜಧಾನಿಯಲ್ಲಿ ವಾಷಿಂಗ್ಟನ್‌ಗೆ ಆಕಾಶದೆತ್ತರದ ಕಂಬವಿದೆ, ಜೆಫರ್ಸನ್‌ಗೆ ಅಮೃತಶಿಲೆಯ ಮಂಟಪವಿದೆ. ಚುನಾವಣೆಯಲ್ಲಿ ಸೋತು, 1801ರಲ್ಲಿ ಅದೇ ಜೆಫರ್ಸನ್‌ಗೆ ಗಲಾಟೆಯಿಲ್ಲದೆ ಅಧಿಕಾರ ಬಿಟ್ಟುಕೊಟ್ಟ ಆಡಮ್ಸ್‌ಗೆ ಅಂಥದ್ದೇನೂ ಇಲ್ಲ. ಆತನೇನೂ ದೇವರಲ್ಲ, ಸರ್ಕಾರವನ್ನು ಟೀಕಿಸಿದ ಪತ್ರಕರ್ತರನ್ನು ಜೈಲಿಗೆ ಹಾಕಿದ ಕಾನೂನಿಗೆ 1798ರಲ್ಲಿ ಸಹಿ ಮಾಡಿದವನೂ ಅವನೇ.

ರೆಡ್ಡಿಯವರಲ್ಲೂ ಕೊರತೆಯಿತ್ತು. ಪಕ್ಷದೊಳಗಿನ ಜಗಳ ಅವರ ಕೈಮೀರಿತು. 1952ರಲ್ಲಿ ಕುರ್ಚಿ ಕೆಂಗಲ್ ಅವರಿಗೆ ಹೋಯಿತು. ರೆಡ್ಡಿ ದೆಹಲಿಗೆ ಹೋಗಿ ನೆಹರೂ ಸಂಪುಟ ಸೇರಿದರು, ಮುಂದೆ ಮಧ್ಯಪ್ರದೇಶದ ರಾಜ್ಯಪಾಲರಾದರು.

ಕಟ್ಟಡ ನೋಡಿ ಮನುಷ್ಯನನ್ನು ಅಳೆಯುವ ನಮ್ಮ ಅಭ್ಯಾಸ ಕೆಂಗಲ್ ಅವರಿಗೂ ಅನ್ಯಾಯ ಮಾಡಿದೆ. ವಿಧಾನಸೌಧದ ಭವ್ಯತೆ ಅವರದೇ, ಒಪ್ಪೋಣ. ಆದರೆ ಹಳೇ ಮೈಸೂರಿನ ತಮ್ಮವರೇ ಬೇಡವೆಂದಾಗಲೂ ಅವರು ಕರ್ನಾಟಕದ ಏಕೀಕರಣದ ಪರ ನಿಂತರಲ್ಲ, ನನ್ನ ಲೆಕ್ಕದಲ್ಲಿ ಅದು ಆ ಕಲ್ಲಿನ ರಾಶಿಗಿಂತ ತೂಕದ್ದು. ಅಂದಹಾಗೆ, 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಕೆ.ಸಿ. ರೆಡ್ಡಿ. ಕೆಂಗಲ್ 1956ರ ಆಗಸ್ಟಿನಲ್ಲೇ ಅಧಿಕಾರ ಕಳೆದುಕೊಂಡರು. ಸೌಧದ ಉದ್ಘಾಟನೆಯಾದದ್ದು ಅಕ್ಟೋಬರಿನಲ್ಲಿ.