ಚೀನೀ ಕಟ್ಟಡಗಳ ವರ್ಣಚಿತ್ರಗಳು: ರಸಾಯನ ಪರೀಕ್ಷೆ ಹೇಳುವುದೆಷ್ಟು?

ಚೀನದ ಪ್ರಾಚೀನ ಕಟ್ಟಡಗಳ ತೊಲೆ, ಬೋದಿಗೆ, ಮುಚ್ಚಿಗೆಗಳ ಮೇಲೆ ಬರೆದ ವರ್ಣಾಲಂಕಾರಕ್ಕೆ ಆ ನಾಡಿನಲ್ಲಿ ‘ತ್ಸೈಹುವಾ’ ಎಂದು ಹೆಸರು. ಮರವನ್ನು ಕಾಯುವುದೂ ಕಟ್ಟಡದ ಅಂತಸ್ತನ್ನು ಸಾರುವುದೂ ಅದರ ಉದ್ದೇಶಗಳು. ಈಚಿನ ದಶಕಗಳಲ್ಲಿ ಈ ಚಿತ್ರಗಳ ಬಣ್ಣಗಳನ್ನು ಕ್ಷ-ಕಿರಣ ಪ್ರತಿದೀಪ್ತಿ, ರಾಮನ್ ರೋಹಿತ, ಸೂಕ್ಷ್ಮದರ್ಶಕ ಮೊದಲಾದ ಸಾಧನಗಳಿಂದ ಪರೀಕ್ಷಿಸಿದ ವರದಿಗಳು ಹೇರಳವಾಗಿ ಪ್ರಕಟವಾಗಿವೆ. ಇವುಗಳ ಪ್ರಯೋಜನ ನಿರ್ವಿವಾದವಾದುದು. ಆದರೆ ಅನೇಕ ವರದಿಗಳು ‘ಈ ನೀಲಿ ಅಜುರೈಟ್, ಈ ಹಸಿರು ಮ್ಯಾಲಕೈಟ್, ಈ ಕೆಂಪು ಇಂಗಲೀಕ’ ಎಂದು ಪಟ್ಟಿಯೊಂದನ್ನು ಕೊಟ್ಟು, ವಿಚಾರವು ಆರಂಭವಾಗಬೇಕಾದ ಸ್ಥಳದಲ್ಲಿಯೇ ನಿಂತುಬಿಡುತ್ತವೆ. ಪ್ರಸ್ತುತ ಲೇಖನದ ಆಕ್ಷೇಪ ಇಷ್ಟೆ.

ಸುಂಗ್ ಆಸ್ಥಾನದ ಅಧಿಕಾರಿಯಾದ ಲಿ ಜಿಯೆಯಿಂದ ರಚಿತವಾಗಿ ೧೧೦೩ರಲ್ಲಿ ಪ್ರಕಟವಾದ ‘ಯಿಂಗ್‌ಝಾವೊ ಫಾಶಿ’ ಎಂಬ ವಾಸ್ತುಗ್ರಂಥದಲ್ಲಿ ಬಣ್ಣ ತಯಾರಿಸುವ ಕ್ರಮವು ಸ್ಪಷ್ಟವಾಗಿ ನಿರೂಪಿತವಾಗಿದೆ. ನೀಲಿಯ ಕಲ್ಲನ್ನು ಕುಟ್ಟಿ, ಅರೆದು, ನೀರಿನಲ್ಲಿ ತೊಳೆದು ನೆಲೆಗೊಳಿಸಿದರೆ ಕಣಗಳು ಗಾತ್ರಕ್ಕನುಸಾರವಾಗಿ ಬೇರೆಬೇರೆಯಾಗುತ್ತವೆ. ಅತ್ಯಂತ ನುಣುಪಾದುದು ತಿಳಿಯಾದ ‘ನೀಲಿಯ ಹೂವು’. ಅನಂತರ ‘ಮೂರನೆಯ ನೀಲಿ’, ‘ಎರಡನೆಯ ನೀಲಿ’. ತಳದಲ್ಲಿ ಉಳಿದ ಒರಟು ಕಣಗಳೇ ಕಡುವಾದ ‘ದೊಡ್ಡ ನೀಲಿ’. ಹಸಿರಿಗೂ ಇಂಗಲೀಕಕ್ಕೂ ಇದೇ ವಿಧಾನ. ತಿಳಿಯಿಂದ ಗಾಢಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ವರ್ಣಪಟ್ಟಿಕೆಗಳು, ಎಂದರೆ ಈ ಕಲೆಯ ಜೀವಾಳ, ಈ ವಿಂಗಡಣೆಯನ್ನೇ ಅವಲಂಬಿಸಿವೆ. ರಸಾಯನಶಾಸ್ತ್ರಕ್ಕಾದರೋ ನಾಲ್ಕೂ ಒಂದೇ ಅಜುರೈಟ್! ಚಿತ್ರಕಾರನಿಗೆ ನಾಲ್ಕು ಬಣ್ಣಗಳಾಗಿದ್ದುದನ್ನು ಒಂದೇ ಹೆಸರಿನಲ್ಲಿ ಅಡಗಿಸುವ ವರದಿಯು ಅವನ ಕೌಶಲವನ್ನೇ ಕೈಬಿಟ್ಟಂತೆ. ಕಣಗಾತ್ರವನ್ನು ಅಳೆಯಲು ಹೊಸ ಯಂತ್ರವೇನೂ ಬೇಕಿಲ್ಲ. ಕೈಯಲ್ಲಿರುವ ಮಾದರಿ, ಸೂಕ್ಷ್ಮದರ್ಶಕ, ಕೊಂಚ ತಾಳ್ಮೆ ಇದ್ದರೆ ಸಾಕು. (ಈ ಗ್ರಂಥದ ೧೯೨೫ರ ಮುದ್ರಣದಲ್ಲಿ ಕಾಣುವ ವರ್ಣಫಲಕಗಳಿಗೆ ಬಣ್ಣ ತುಂಬಿದವರು ಇಪ್ಪತ್ತನೆಯ ಶತಮಾನದವರು, ಅವುಗಳನ್ನು ನೋಡಿ ಸುಂಗ್ ಕಾಲದ ವರ್ಣರುಚಿಯನ್ನು ನಿರ್ಣಯಿಸುವುದು ಸಾಹಸವೇ ಸರಿ.)

ಸಾಧನಗಳ ಮಿತಿಯನ್ನೂ ಮರೆಯಲಾಗದು. ಕ್ಷ-ಕಿರಣ ಪ್ರತಿದೀಪ್ತಿಯು ಧಾತುಗಳನ್ನು ತೋರಿಸುತ್ತದೆಯೇ ಹೊರತು ಸಂಯುಕ್ತಗಳನ್ನಲ್ಲ. ಸಸ್ಯಜನ್ಯವಾದ ನೀಲಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ತಾಮ್ರವೂ ಆರ್ಸೆನಿಕ್ಕೂ ಒಟ್ಟಿಗೆ ಕಂಡೊಡನೆ ‘ಪ್ಯಾರಿಸ್ ಹಸಿರು’ ಎಂದು ತೀರ್ಮಾನಿಸುವುದು ಅವಸರದ ಮಾತು. ಹರಿದಳದ ಹಳದಿಯ ಮೇಲೆ ಮ್ಯಾಲಕೈಟ್ ಬಳಿದಿದ್ದರೂ ಅದೇ ಎರಡು ಧಾತುಗಳು ಕಾಣುತ್ತವೆ. ರಾಮನ್ ರೋಹಿತ ಅಥವಾ ಕ್ಷ-ಕಿರಣ ವಿವರ್ತನೆಯ ಸಾಕ್ಷ್ಯ ದೊರೆತ ಮೇಲೆಯೇ ಹೆಸರಿಡತಕ್ಕದ್ದು.

ಕಾಲನಿರ್ಣಯದಲ್ಲಂತೂ ಎಚ್ಚರ ಇಮ್ಮಡಿಯಾಗಿರಬೇಕು. ಪ್ಯಾರಿಸ್ ಹಸಿರಿನ ತಯಾರಿಕೆ ಆರಂಭವಾದುದು ಜರ್ಮನಿಯ ಶ್ವೈನ್‌ಫುರ್ಟಿನಲ್ಲಿ, ೧೮೧೪ರಲ್ಲಿ. ಆದುದರಿಂದ ಅದಿರುವ ಪದರವು ಅದಕ್ಕಿಂತ ಹಿಂದಿನದಾಗಲಾರದು. ಆದರೆ ಮ್ಯಾಲಕೈಟ್ ಇರುವ ಪದರವೆಲ್ಲ ೧೮೧೪ಕ್ಕಿಂತ ಹಿಂದಿನದೆಂಬ ವಿಲೋಮವಾದಕ್ಕೆ ಆಧಾರವಿಲ್ಲ. ಹೊಸ ಬಣ್ಣ ಬಂದೊಡನೆ ಹಳೆಯದು ಮಾಯವಾಗುವುದಿಲ್ಲವಷ್ಟೆ. ಅಲ್ಲದೆ, ಬಣ್ಣವೊಂದು ತನ್ನ ಪದರದ ಕಾಲವನ್ನು ಹೇಳಬಲ್ಲುದೇ ವಿನಾ ಕಟ್ಟಡದ ಕಾಲವನ್ನಲ್ಲ. ಮಾದರಿಯನ್ನು ಅಂಟಿನಲ್ಲಿ ಹುದುಗಿಸಿ ಅಡ್ಡಲಾಗಿ ಉಜ್ಜಿ ನೋಡಿದಾಗ ಮರ, ಸೆಣಬಿನ ನಾರು, ಇಟ್ಟಿಗೆಯ ಪುಡಿಯನ್ನು ಹಂದಿಯ ರಕ್ತ ಮತ್ತು ತುಂಗ್ ಎಣ್ಣೆಗಳೊಡನೆ ಕಲಸಿದ ಗಿಲಾವು, ಅದರ ಮೇಲೆ ಬಣ್ಣ, ಮಸಿ, ಮತ್ತೆ ಬಣ್ಣ, ಹೀಗೆ ಒಂದರ ಮೇಲೊಂದು ಕಾಣುತ್ತವೆ. ಎರಡು ಬಣ್ಣಗಳ ನಡುವಣ ಆ ಮಸಿಯ ಗೆರೆಯೇ ಕಳೆದುಹೋದ ಕಾಲದ ಗುರುತು. ಅದನ್ನು ಹೇಳದ ಪಟ್ಟಿಯಿಂದ ಇತಿಹಾಸಕಾರನಿಗೆ ದೊರೆಯುವುದು ಅಲ್ಪ.

ಇದು ಕೇವಲ ಪಂಡಿತರ ಜಿಜ್ಞಾಸೆಯೇ ಎಂದು ಕೇಳಬಹುದು. ಹಾಗಲ್ಲವೆಂಬುದಕ್ಕೆ ಬೀಜಿಂಗಿನ ಅರಮನೆಯೇ ಸಾಕ್ಷಿ. ಅರಮನೆಯ ನಿರ್ಮಾಣ ೧೪೨೦ರಲ್ಲಿ ಮುಗಿದರೂ ಅದರ ಪ್ರಧಾನ ಮಂದಿರವಾದ ತೈಹೆ ಹಲವು ಬಾರಿ ಬೆಂಕಿಗೆ ತುತ್ತಾಗಿ, ಈಗಿರುವ ಕಟ್ಟಡವು ೧೬೯೫ರಲ್ಲಿ ಎದ್ದಿತು. ೨೦೦೬ರಿಂದ ೨೦೦೮ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ, ೧೯೫೦ರ ದಶಕದಲ್ಲಿ ಬರೆದಿದ್ದ ಹೊರಸೂರಿನ ಚಿತ್ರಗಳ ಸ್ಥಾನದಲ್ಲಿ ಒಳಭಾಗದ ಹಳೆಯ ಚಿತ್ರಗಳ ಮಾದರಿಯಂತೆ ಹೊಸದಾಗಿ ಬರೆಯಲಾಯಿತು. ಪುನರ್ಲೇಖನವು ಅಲ್ಲಿಯ ಕುಶಲಕರ್ಮಿಗಳ ಪರಂಪರೆಯೇ ಆಗಿರುವುದರಿಂದ ಅದನ್ನು ಸಾರಾಸಗಟಾಗಿ ಖಂಡಿಸುವುದು ನ್ಯಾಯವಲ್ಲ. ಪೂರ್ವ ಏಷ್ಯದ ತ್ಸೈಹುವಾ ಸಂರಕ್ಷಣೆಯನ್ನೇ ಕುರಿತು ೨೦೦೮ರಲ್ಲಿ ಬೀಜಿಂಗಿನಲ್ಲಿ ಜ್ಞಾಪಕಪತ್ರವೊಂದು ಸಿದ್ಧವಾದುದು ಈ ಪ್ರಶ್ನೆಯ ತೊಡಕಿಗೆ ನಿದರ್ಶನ. ಹೀಗಿರಲು, ತಳದ ಖನಿಜವರ್ಣವನ್ನು ‘ಮೂಲ’ವೆಂದೂ ಮೇಲಿನ ಪ್ಯಾರಿಸ್ ಹಸಿರನ್ನು ‘ಕಲಬೆರಕೆ’ಯೆಂದೂ ಲಘುವಾಗಿ ಬರೆಯುವ ವರದಿಯು ಮೇಲ್ಪದರವನ್ನು ಕೆರೆಯುವವರ ಕೈಯಲ್ಲಿ ಅಪ್ಪಣೆಚೀಟಿಯಾಗುತ್ತದೆ. ಯುರೋಪಿನ ಸರಕು ಚಿಂಗ್ ಕಾಲದ ಚಿತ್ರಕಾರನ ಬಟ್ಟಲಿಗೆ ಬಂದಿತೆಂಬುದಕ್ಕೆ ಆ ಹಸಿರೇ ಸಾಕ್ಷ್ಯ. ಕೆರೆದ ಮೇಲೆ ಅದನ್ನು ಮರಳಿ ಪಡೆಯುವ ಬಗೆಯಿಲ್ಲ. ಮಾದರಿಯನ್ನು ಯಾವ ತೊಲೆಯಿಂದ ತೆಗೆದುದು, ಒಳಸೂರಿನದೋ ಹೊರಸೂರಿನದೋ, ಎಷ್ಟನೆಯ ಪದರದ್ದು, ಉಳಿದ ಚೂರನ್ನು ಎಲ್ಲಿ ಇರಿಸಲಾಗಿದೆ ಎಂಬಿಷ್ಟನ್ನು ಬರೆಯದ ವರದಿಯನ್ನು ಸಂಪಾದಕರು ಪ್ರಕಟಣೆಗೆ ಸ್ವೀಕರಿಸಬಾರದು.