ಅಂಗಿಗೆ ಎಷ್ಟು ವಯಸ್ಸು?

ಪುಸ್ತಕಗಳಿಗೆ ವಿಮರ್ಶಕರಿದ್ದಾರೆ, ಸಿನಿಮಾಗಳಿಗಿದ್ದಾರೆ, ಸಂಗೀತ ಕಚೇರಿಗಳಿಗೂ ಇದ್ದಾರೆ. ಆದರೆ ನಾವು ಹೆಂಗಸರು ವರ್ಷಕ್ಕೆ ಹತ್ತಾರು ಸಲ ಕಣ್ಣು ಕಿರಿದು ಮಾಡಿಕೊಂಡು ಓದುವ ಒಂದು ಬರಹಕ್ಕೆ ಯಾರೂ ವಿಮರ್ಶೆ ಬರೆದದ್ದನ್ನು ನಾನು ಕಂಡಿಲ್ಲ. ಅದು ಮಕ್ಕಳ ಸಿದ್ಧ ಉಡುಪಿನ ಕೊರಳ ಹಿಂಭಾಗದಲ್ಲಿ, ಒಳಗಡೆ ಹೊಲಿದಿರುವ ಬೆರಳಗಲದ ಚೀಟಿ. ‘2–3 ವರ್ಷ’, ‘5–6 ವರ್ಷ’ ಎಂದು ಇಷ್ಟೇ ಇಷ್ಟು ಅದರಲ್ಲಿರುತ್ತದೆ. ಬರಹ ಚಿಕ್ಕದಾದರೂ ಅಧಿಕಾರ ದೊಡ್ಡದು. ಅಂಗಡಿಯವರು ಅದನ್ನು ನಂಬುತ್ತಾರೆ, ಅಮ್ಮಂದಿರು ನಂಬುತ್ತಾರೆ, ಅಜ್ಜಿಯರೂ ನಂಬುತ್ತಾರೆ. ನಂಬದಿರುವುದು ಮಗುವಿನ ಮೈ ಒಂದೇ. ಇಪ್ಪತ್ತೆಂಟು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕೈ ನನ್ನದು. ಈ ಚೀಟಿಯನ್ನೂ ಒಮ್ಮೆ ಕೆಂಪು ಪೆನ್ನು ಹಿಡಿದು ನೋಡೋಣ ಅನ್ನಿಸಿತು.

ಮೊದಲನೆಯ ತಪ್ಪು ಬಲು ಸರಳವಾದದ್ದು. ಅಂಗಿಗೆ ಬೇಕಾದದ್ದು ಅಳತೆ. ಚೀಟಿ ಹೇಳುವುದು ವಯಸ್ಸು. ಪ್ರಶ್ನೆ ಒಂದು ಕೇಳಿದರೆ ಉತ್ತರ ಇನ್ನೊಂದು ಬರೆದ ಹಾಗಾಯಿತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ ಪಟ್ಟಿ ಅದು. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಆ ಪಟ್ಟಿಯ ಪ್ರಕಾರ ಐದು ತುಂಬಿದ ಹೆಣ್ಣುಮಗುವಿನ ನಡುಮಟ್ಟದ ಎತ್ತರ 109.4 ಸೆಂಟಿಮೀಟರ್. ಆದರೆ ಸುಮಾರು 100 ಸೆಂಟಿಮೀಟರಿನ ಮಗುವೂ ಸಹಜ, 119 ಸೆಂಟಿಮೀಟರಿನ ಮಗುವೂ ಸಹಜ. ನಡುವೆ ಹತ್ತೊಂಬತ್ತು ಸೆಂಟಿಮೀಟರ್ ಅಂತರ! ಒಂದು ಗೇಣಿಗೆ ತುಸು ಕಡಿಮೆ, ಅಷ್ಟೆ. ಇಬ್ಬರೂ ಒಂದೇ ದಿನ ಹುಟ್ಟಿದವರಿರಬಹುದು, ಇಬ್ಬರೂ ಗಟ್ಟಿಮುಟ್ಟಾಗಿರಬಹುದು, ನನ್ನ ತರಗತಿಯ ಒಂದೇ ಬೆಂಚಿನಲ್ಲಿ ಕೂತಿರಬಹುದು. ಚೀಟಿ ಮಾತ್ರ ಇಬ್ಬರಿಗೂ ‘5–6 ವರ್ಷ’ ಎಂದು ಒಂದೇ ಫ್ರಾಕು ಕೊಡುತ್ತದೆ. ಒಬ್ಬಳಿಗೆ ಅದು ನೆಲ ಗುಡಿಸುತ್ತದೆ, ಇನ್ನೊಬ್ಬಳಿಗೆ ಮಂಡಿಯ ಮೇಲೆ ನಿಲ್ಲುತ್ತದೆ.

ವಯಸ್ಸಿನ ಬದಲು ನಂಬರು ಹಾಕುವವರೂ ಇದ್ದಾರೆ. 16, 18, 20, 22 ಎಂದು ಏರುತ್ತಾ ಹೋಗುವ ಈ ನಂಬರುಗಳು ನೋಡಲು ಶಾಸ್ತ್ರೀಯವಾಗಿ ಕಾಣುತ್ತವೆ. ಆದರೆ ಈ 22 ಯಾವುದರ ಅಳತೆ ಎಂದು ಕೇಳಿ ನೋಡಿ. ಎದೆ ಸುತ್ತಿನದೋ ಉದ್ದದ್ದೋ? ಇಂಚಿನಲ್ಲೋ ಮತ್ತೊಂದರಲ್ಲೋ? ಒಬ್ಬರು ಹೀಗೆ ಹೇಳುತ್ತಾರೆ, ಪಕ್ಕದ ಅಂಗಡಿಯವರು ಹಾಗೆ ಹೇಳುತ್ತಾರೆ, ಮೂರನೆಯವರು “ಅದೆಲ್ಲಾ ಯಾಕೆ ಮೇಡಂ, ಎಷ್ಟು ವರ್ಷದ ಮಗು ಹೇಳಿ” ಎಂದು ಮತ್ತೆ ವಯಸ್ಸಿಗೇ ಬಂದು ನಿಲ್ಲುತ್ತಾರೆ. ಯೂರೋಪಿನ ದೇಶಗಳಲ್ಲಿ ಮಕ್ಕಳ ಬಟ್ಟೆಯ ಮೇಲೆ ಮಗುವಿನ ಎತ್ತರವನ್ನೇ ಹಾಕುತ್ತಾರೆ. 92, 98, 104, 110 ಎಂದು ಆರಾರು ಸೆಂಟಿಮೀಟರಿಗೊಂದು ಮೆಟ್ಟಿಲು. 104 ಎಂದರೆ ಸುಮಾರು 104 ಸೆಂಟಿಮೀಟರ್ ಎತ್ತರದ ಮಗುವಿನ ಅಂಗಿ. ಮಗುವಿಗೆ ಮೂರೂವರೆಯೋ ಐದೋ ಎಂಬುದು ಅಂಗಿಗೆ ಸಂಬಂಧಪಟ್ಟ ವಿಷಯವೇ ಅಲ್ಲ. ಎಷ್ಟು ನೇರವಾದ ಮಾತು ನೋಡಿ! ಈಗ ನಮ್ಮಲ್ಲೂ ಕೆಲವು ಚೀಟಿಗಳಲ್ಲಿ ವಯಸ್ಸಿನ ಕೆಳಗೆ ಇಂಥ ಅಂಕಿ ಸಣ್ಣಕ್ಷರದಲ್ಲಿ ಇರುತ್ತದೆ. ದೊಡ್ಡಕ್ಷರ ಬಿಟ್ಟು ಆ ಸಣ್ಣಕ್ಷರ ಓದುವುದು ಜಾಣತನ.

ಎಳೆಕೂಸಿನ ಬಟ್ಟೆಯ ವಿಷಯಕ್ಕೆ ಬಂದರೆ ಚೀಟಿಯ ಅಜ್ಞಾನ ಇನ್ನೂ ಹೆಚ್ಚು. ಹುಟ್ಟುವಾಗ ಕೂಸಿನ ಉದ್ದ ಐವತ್ತು ಸೆಂಟಿಮೀಟರಿನ ಆಸುಪಾಸು. ವರ್ಷ ತುಂಬುವಾಗ ಎಪ್ಪತ್ತೈದರ ಹತ್ತಿರ. ಒಂದೇ ವರ್ಷದಲ್ಲಿ ಅರ್ಧದಷ್ಟು ಬೆಳವಣಿಗೆ. ತೂಕವಂತೂ ಮೂರು ಪಟ್ಟು. ಆಮೇಲೆ ಜೀವಮಾನದಲ್ಲಿ ಯಾವ ವರ್ಷವೂ ಅಷ್ಟು ಬೆಳೆಯುವುದಿಲ್ಲ. ನಾಮಕರಣಕ್ಕೆ ಹೋಗುವ ನಾವೆಲ್ಲ ಮಾಡುವುದೇನು? ಅಂಗಡಿಯಲ್ಲಿ ಎಲ್ಲಕ್ಕಿಂತ ಪುಟ್ಟದಾದ, ನೋಡಿದರೆ ಮುದ್ದು ಬರುವ ಉಡುಪನ್ನೇ ಆರಿಸುತ್ತೇವೆ. ಬಾಣಂತಿಯ ಮಂಚದ ಮೇಲೆ ಅಂಥ ಹನ್ನೆರಡು ಜೊತೆ ಬೀಳುತ್ತವೆ. ಹನ್ನೆರಡನ್ನೂ ಒಂದೊಂದು ಸಲ ತೊಡಿಸುವಷ್ಟರಲ್ಲಿ ಕೂಸು ಅವನ್ನು ಮೀರಿ ಬೆಳೆದಿರುತ್ತದೆ. ಉಡುಗೊರೆ ಕೊಡುವವರು ಒಂಬತ್ತು ತಿಂಗಳ, ವರ್ಷದ ಮಗುವಿಗಾಗುವಂಥದ್ದನ್ನು ಕೊಟ್ಟರೆ ಆ ತಾಯಿ ನಿಜವಾಗಿ ನೆನೆದುಕೊಳ್ಳುತ್ತಾಳೆ. ಆದರೆ ಆಗ ಯಾವ ಕಾಲ ಬರುತ್ತದೆ ಎಂದೂ ಲೆಕ್ಕ ಹಾಕಬೇಕು. ಶಿವಮೊಗ್ಗದ ಕಡೆಯ ನಮ್ಮಂಥ ಊರಲ್ಲಿ, ಆಷಾಢದ ಮಳೆಯಲ್ಲಿ ಮೈಗೆ ಸರಿಹೊಂದುವ ತೋಳಿಲ್ಲದ ಅಂಗಿ ಕೊಟ್ಟು ಏನು ಪ್ರಯೋಜನ?

ಇನ್ನೊಂದು ಸಂಗತಿ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಅದರ ಎದೆಯ ಸುತ್ತಳತೆಗಿಂತ ದೊಡ್ಡದು. ವರ್ಷದ ಹೊತ್ತಿಗೆ ಎರಡೂ ಸಮವಾಗಿ, ಆಮೇಲೆ ಎದೆ ಮುಂದಾಗುತ್ತದೆ. ಅಂದರೆ ಕೂಸಿನ ಅಂಗಿಯ ಪ್ರಶ್ನೆ ಇರುವುದು ಕೊರಳಿನಲ್ಲಿ. ಎದೆಗೆ ಸರಿಯಾದ ಅಂಗಿ ತಲೆಯಲ್ಲಿ ಸಿಕ್ಕಿಬಿದ್ದು, ಕಿವಿ ಮಡಿಚಿಕೊಂಡು, ಕೂಸು ಊರಿಗೆಲ್ಲ ಕೇಳುವಂತೆ ಅಳುವುದನ್ನು ನೋಡದ ಮನೆ ಯಾವುದು? ನಮ್ಮ ಅಜ್ಜಿಯರು ಹಳೆಯ ಪಂಚೆಯ ಮೆತ್ತನೆ ಬಟ್ಟೆಯಲ್ಲಿ ಲಾಡಿ ಕಟ್ಟುವ ಅಂಗಿ ಹೊಲಿದು, ತಲೆಯ ತಂಟೆಗೇ ಹೋಗದೆ ಕೈಯೊಳಗಿಂದ ತೊಡಿಸಿಬಿಡುತ್ತಿದ್ದರು. ಕೂಸು ಬೆಳೆದಂತೆ ಲಾಡಿ ಸಡಿಲ ಮಾಡಿದರಾಯಿತು. ಆ ಅಂಗಿಗೆ ಚೀಟಿಯೂ ಇರಲಿಲ್ಲ, ವಯಸ್ಸೂ ಇರಲಿಲ್ಲ.

ಇಷ್ಟು ಚೀಟಿಯ ವಿಮರ್ಶೆಯಾಯಿತು. ಇನ್ನು ಚೀಟಿ ಓದುವವರ ವಿಮರ್ಶೆ. ನಮ್ಮ ನಾಡಿನಲ್ಲಿ ಮಕ್ಕಳ ಬಟ್ಟೆ ಕೊಳ್ಳುವಾಗ ತಪ್ಪದೆ ಕೇಳಿಬರುವ ವಾಕ್ಯ ಒಂದಿದೆ: “ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ ಬಿಡಿ.” ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಹೇಳುವ ನಾವು, ಬಟ್ಟೆಯ ವಿಷಯದಲ್ಲಿ ಮಾತ್ರ ಅಂಗಿ ಇದ್ದಷ್ಟು ಮಗು ಬೆಳೆಯಲಿ ಎನ್ನುತ್ತೇವೆ. ಜೂನ್ ತಿಂಗಳಲ್ಲಿ ಶಾಲೆ ಬಾಗಿಲು ತೆರೆದಾಗ ಬಂದು ನೋಡಿ. ಒಂದನೇ ತರಗತಿಯ ಸಾಲಿನಲ್ಲಿ ಕೈಬೆರಳು ಕಾಣದ ತೋಳುಗಳು, ಮೊಳಕಾಲು ದಾಟಿದ ಚಡ್ಡಿಗಳು. ಹೋದ ವರ್ಷ ಒಬ್ಬ ಹುಡುಗ ಖೋಖೋ ಆಡುವಾಗ ಬಲಗೈಯಲ್ಲಿ ಚಡ್ಡಿ ಹಿಡಿದುಕೊಂಡೇ ಓಡುತ್ತಿದ್ದ. ಪಿನ್ನು ಹಾಕಿದ್ದು ಬಿಚ್ಚಿಹೋಗಿತ್ತು. ಅವನ ಓಟ ಚೆನ್ನಾಗಿತ್ತು, ಆದರೆ ಮುಟ್ಟಲು ಒಂದೇ ಕೈ. ಅವನು ಔಟಾಗಿ ಬಂದು ಕೂತಾಗ ಮುಖದಲ್ಲಿ ಇದ್ದದ್ದು ಸೋತ ದುಃಖಕ್ಕಿಂತ ಬೇರೆ ಏನೋ ಆಗಿತ್ತು.

ಉಳಿತಾಯದ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ವರ್ಷಕ್ಕೆ ಎರಡು ಸಲ ಸಮವಸ್ತ್ರ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಆದರೆ ಈ ಉಳಿತಾಯ ನಿಜವಾಗಿ ಉಳಿಯುತ್ತದೆಯೇ? ಎರಡು ವರ್ಷದ ಮೇಲೆ ಮಗು ಐದು ವರ್ಷದವರೆಗೆ ವರ್ಷಕ್ಕೆ ಏಳೆಂಟು ಸೆಂಟಿಮೀಟರ್, ಆಮೇಲೆ ಹರೆಯದವರೆಗೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ಸೈಜು ದೊಡ್ಡದು ತಂದರೆ ಅದು ಮೈಗೆ ಹೊಂದುವ ಹೊತ್ತಿಗೆ ಬಣ್ಣ ಹೋಗಿ, ಕಾಲರು ಸವೆದು, ಗುಂಡಿ ಉದುರಿರುತ್ತದೆ. ಹೊಸದಾಗಿದ್ದಾಗ ದೊಡ್ಡದು, ಸರಿಹೋದಾಗ ಹಳೆಯದು. ಮಗು ಸರಿಯಾದ ಹೊಸ ಬಟ್ಟೆಯನ್ನು ತೊಟ್ಟ ದಿನವೇ ಬರುವುದಿಲ್ಲ.

ನಮ್ಮ ಹಳೆಯ ದರ್ಜಿಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಅಂಗಿಯನ್ನು ಇವತ್ತಿನ ಮೈಗೆ ಹೊಲಿಯುವುದು, ಬೆಳವಣಿಗೆಯನ್ನು ಒಳಗೆ ಮಡಿಚಿಡುವುದು. ಲಂಗದ ಕೆಳಗೆ ಎರಡು ಮೂರು ಟಕ್ಸು, ಚಡ್ಡಿಯ ಒಳಗೆ ಅಗಲದ ಮಡಿಕೆ, ಅಂಗಿಯ ಎರಡು ಪಕ್ಕದಲ್ಲೂ ಒಂದೊಂದು ಇಂಚು ಬಟ್ಟೆ. ಯುಗಾದಿಗೆ ಒಂದು ಟಕ್ಸು ಬಿಚ್ಚಿದರೆ ಲಂಗ ಹೊಸದಾಗುತ್ತಿತ್ತು. ಬಿಚ್ಚಿದ ಜಾಗದಲ್ಲಿ ಗಾಢ ಬಣ್ಣದ ಗೆರೆ ಉಳಿಯುತ್ತಿತ್ತು ನಿಜ. ಅದು ನಾವು ಎಷ್ಟು ಬೆಳೆದೆವು ಎಂಬುದರ ಗುರುತಾಗಿರುತ್ತಿತ್ತು. ಇಂದಿನ ಸಿದ್ಧ ಉಡುಪನ್ನು ಒಳಗು ಹೊರಗು ಮಾಡಿ ನೋಡಿ. ಓವರ್‌ಲಾಕ್ ಯಂತ್ರ ಹೊಲಿಗೆಯ ಅಂಚಿಗೇ ಬಟ್ಟೆ ಕತ್ತರಿಸಿಬಿಟ್ಟಿರುತ್ತದೆ. ಬಿಚ್ಚಲು ಏನೂ ಇಲ್ಲ. ಮಕ್ಕಳು ಬೆಳೆಯುತ್ತಾರೆ ಎಂಬ ಸತ್ಯ ತಿಳಿಯದವರು ಮಕ್ಕಳಿಗೆ ಬಟ್ಟೆ ಮಾಡುತ್ತಿದ್ದಾರೆಯೇ ಎಂದು ಆಶ್ಚರ್ಯವಾಗುತ್ತದೆ. ತಿಳಿದೇ ಮಾಡುತ್ತಿದ್ದಾರೆ ಎಂಬುದು ನನ್ನ ಅನುಮಾನ.

ಇದೆಲ್ಲ ದುಡ್ಡಿನ, ಅನುಕೂಲದ ಮಾತು. ಇದಕ್ಕಿಂತ ದೊಡ್ಡ ಮಾತೊಂದಿದೆ. ಚೀಟಿಯ ಮೇಲಿನ ವಯಸ್ಸು ಬಟ್ಟೆಯನ್ನು ಅಳೆಯುವುದು ಬಿಟ್ಟು ಮಗುವನ್ನೇ ಅಳೆಯತೊಡಗುತ್ತದೆ. “ಅಯ್ಯೋ, ಆರು ವರ್ಷದವನಿಗೆ ನಾಲ್ಕರದ್ದು ಸಾಕಾಯ್ತಾ? ಏನೂ ತಿನ್ನಿಸಲ್ವಾ ನೀವು?” ಎಂಬ ಮಾತಿನಿಂದ ಎಷ್ಟು ತಾಯಂದಿರು ಅಂಗಡಿಯಲ್ಲೇ ಮುಖ ಸಣ್ಣ ಮಾಡಿಕೊಂಡಿಲ್ಲ!

ಹೆಣ್ಣುಮಕ್ಕಳಿಗೆ ಹತ್ತು ಹನ್ನೊಂದರ ಹೊತ್ತಿಗೆ ಬೆಳವಣಿಗೆಯ ವೇಗ ಒಮ್ಮೆಲೆ ಏರುತ್ತದೆ. ಗಂಡುಮಕ್ಕಳಿಗೆ ಅದು ಸುಮಾರು ಎರಡು ವರ್ಷ ತಡ. ಆರು, ಏಳನೇ ತರಗತಿಯ ಸಾಲಿನಲ್ಲಿ ಹುಡುಗಿಯರು ಹುಡುಗರಿಗಿಂತ ಎತ್ತರ ಕಾಣುವುದು ಇದಕ್ಕೇ. ನನ್ನ ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಚುರುಕು, ಊಟದ ಬಿಡುವಿನಲ್ಲಿ ಎಲ್ಲರ ಡಬ್ಬಿಯ ಉಪ್ಪಿನಕಾಯಿಯೂ ಅವಳದೇ. ದಸರೆ ರಜೆ ಮುಗಿಸಿ ಬಂದವಳು ಡಬ್ಬಿ ಬಿಚ್ಚುವುದನ್ನೇ ಬಿಟ್ಟಳು. ಕರೆದು ಕೂರಿಸಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಬ್ಬಕ್ಕೆ ಬಟ್ಟೆ ತಗೊಳ್ಳೋಕೆ ಹೋಗಿದ್ವಿ ಟೀಚರ್. ನಂಗೆ ಹದಿನೈದು ವರ್ಷದ್ದು ಬೇಕಾಯ್ತು. ಅಮ್ಮ ಎಲ್ಲರ ಎದುರಿಗೇ, ‘ಹನ್ನೆರಡಕ್ಕೇ ಹಿಂಗೆ ಬೆಳೆದ್ರೆ ಹೆಂಗೇ’ ಅಂದ್ರು” ಎಂದಳು. ಆ ತಾಯಿ ಕೆಟ್ಟವರಲ್ಲ. ಮಗಳೆಂದರೆ ಪ್ರಾಣ. ಆದರೆ ಚೀಟಿಯ ಒಂದು ಅಂಕಿ ತಾಯಿಯ ಬಾಯಲ್ಲಿ ಮಾತಾಗಿ, ಮಗಳ ಹೊಟ್ಟೆಯಲ್ಲಿ ಹಸಿವಾಗಿ ಕೂತಿತ್ತು. “ಅಂಗಿಗೆ ಹದಿನೈದು ವರ್ಷ ಕಣೇ, ನಿನಗಲ್ಲ” ಎಂದೆ. ನಕ್ಕಳು. ಡಬ್ಬಿ ಬಿಚ್ಚಲು ಮತ್ತೆ ಕೆಲವು ದಿನ ಬೇಕಾಯಿತು.

ಇಂಥ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ. ಜೂನಿನಲ್ಲಿ ಸರಿಯಿದ್ದ ಸಮವಸ್ತ್ರ ಡಿಸೆಂಬರಿನಲ್ಲಿ ಎದೆಯ ಹತ್ತಿರ ಬಿಗಿಯುತ್ತದೆ. ಕೇಳಲು ನಾಚಿಕೆ. ಬೆನ್ನು ಬಾಗಿಸಿ, ಪುಸ್ತಕ ಎದೆಗವಚಿಕೊಂಡು ನಡೆಯುತ್ತಾರೆ. ಗೊತ್ತಿರುವ ಉತ್ತರಕ್ಕೂ ಕೈ ಎತ್ತುವುದಿಲ್ಲ. ಕೈ ಎತ್ತಿದರೆ ಅಂಗಿ ಮೇಲೇರುತ್ತದೆ. ಎರಡು ಇಂಚು ಬಟ್ಟೆ ಇಲ್ಲದೆ ಒಂದು ಮಗುವಿನ ಉತ್ತರ ಬಾಯಲ್ಲೇ ಉಳಿಯಿತು ಎಂದರೆ ಆ ನಷ್ಟವನ್ನು ಯಾವ ಉಳಿತಾಯದ ಲೆಕ್ಕಕ್ಕೆ ಸೇರಿಸೋಣ?

ನಮ್ಮವರ ಮೈಯಳತೆಗೆ ನಮ್ಮದೇ ಪಟ್ಟಿ ಬೇಕೆಂದು ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆಯ ವಿಷಯ 2018ರಲ್ಲಿ ಪ್ರಕಟವಾಯಿತು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಕೆಲಸ. ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು ಅಳೆಯುವ ಯೋಜನೆ. ಸಂತೋಷದಿಂದ ಓದುತ್ತಾ ಹೋದೆ. ಅಳೆಯುವ ವಯಸ್ಸು 15ರಿಂದ 65 ಎಂದಿತ್ತು. ಬೆಳೆದು ನಿಂತ ನಮ್ಮನ್ನು ಅಳೆಯುತ್ತಾರೆ, ಬೆಳೆಯುತ್ತಿರುವವರನ್ನು ಬಿಟ್ಟುಬಿಟ್ಟರು! ಅಳತೆಯ ಅಗತ್ಯ ಯಾರಿಗೆ ಹೆಚ್ಚು ಎಂದು ಒಬ್ಬ ಟೀಚರನ್ನೋ ಒಬ್ಬ ತಾಯಿಯನ್ನೋ ಕೇಳಿದ್ದರೆ ಹೇಳುತ್ತಿದ್ದರು.

ಅವರು ಅಳೆಯುವವರೆಗೆ ನಾವೇ ಅಳೆಯೋಣ. ಮನೆಯಲ್ಲಿ ಹೊಲಿಗೆ ಟೇಪು ಇದ್ದೇ ಇರುತ್ತದೆ. ಗೋಡೆಗೆ ನಿಲ್ಲಿಸಿ ಎತ್ತರ, ಕಂಕುಳ ಕೆಳಗಿಂದ ಎದೆಯ ಸುತ್ತು, ಸೊಂಟದ ಸುತ್ತು, ಸೊಂಟದಿಂದ ಹಿಮ್ಮಡಿಯವರೆಗೆ ಉದ್ದ, ಈ ನಾಲ್ಕು ಸಾಕು. ಕ್ಯಾಲೆಂಡರಿನ ಹಿಂದೆ ತಿಂಗಳು ಹಾಕಿ ಬರೆದಿಡಿ. ವರ್ಷಕ್ಕೆರಡು ಸಲ ತಿದ್ದಿ. ಮಗು ಜೊತೆಯಲ್ಲಿಲ್ಲದೆ ಅಂಗಡಿಗೆ ಹೋಗುವುದಾದರೆ ಈಗ ಸರಿಯಾಗಿರುವ ಅದರದೇ ಒಂದು ಅಂಗಿ ಚೀಲದಲ್ಲಿರಲಿ. ಹೊಸದರ ಮೇಲೆ ಹಾಸಿ ನೋಡಿದರೆ ಚೀಟಿಯ ಬಣ್ಣ ಬಯಲಾಗುತ್ತದೆ. ಮೊಬೈಲಿನಲ್ಲಿ ತರಿಸುವವರಿಗೂ ಈ ಅಳತೆಯೇ ದಾರಿ. ಮಗು ಜೊತೆಗಿದ್ದರೆ ತೊಡಿಸಿ, ಎರಡು ಕೈ ಮೇಲೆತ್ತಲು ಹೇಳಿ, ಕುಕ್ಕರುಗಾಲಲ್ಲಿ ಕೂರಲು ಹೇಳಿ. ಸೊಂಟದ ಎಲಾಸ್ಟಿಕ್‌ನಲ್ಲಿ ನಿಮ್ಮ ಎರಡು ಬೆರಳು ಸುಲಭವಾಗಿ ಹೋಗಬೇಕು. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದುಂಟು, ಅದಕ್ಕೆ ಅರ್ಧ ಇಂಚು ಬಿಡಿ. ಒಂದು ಸೈಜು ದೊಡ್ಡದು ಕೊಂಡರೂ ತೋಳು, ಸೊಂಟ, ಕಾಲು ಒಳಗೆ ಮಡಿಚಿ ಹೊಲಿಸಿಕೊಡಿ. ದರ್ಜಿಗೆ ಕೊಡುವ ಆ ಸಣ್ಣ ಹಣ ಮಗುವಿನ ಎರಡೂ ಕೈಗಳನ್ನು ಆಟಕ್ಕೆ ಬಿಡುಗಡೆ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ದಾಟಿದ ಮಗಳನ್ನು ಅಂಗಡಿಗೆ ಕರೆದೊಯ್ದಾಗ ಚೀಟಿಯ ಅಂಕಿಯನ್ನು ಗಟ್ಟಿಯಾಗಿ ಓದಬೇಡಿ. ಬೇಕಾದರೆ ಮನೆಗೆ ಬಂದು, ಬಟ್ಟೆ ಒಗೆಯುವ ಮುಂಚೆ, ಕತ್ತರಿಯಿಂದ ಆ ಚೀಟಿ ತೆಗೆದುಹಾಕಿ. ಹೇಗೂ ಅದು ಕುತ್ತಿಗೆಗೆ ಚುಚ್ಚುತ್ತಿರುತ್ತದೆ.