ವಿಲೀನ, ವಿಮೋಚನೆ, ಏಕೀಕರಣ: ರಾಷ್ಟ್ರೀಯತೆಯ ಪರಿಭಾಷೆ ಮತ್ತು ಕಲಬುರಗಿ ಪ್ರದೇಶ

ರಾಷ್ಟ್ರೀಯತೆಯ ಅಧ್ಯಯನದಲ್ಲಿ ಬಹುವಾಗಿ ಉಲ್ಲೇಖಗೊಳ್ಳುವ ಎರಡು ಕೃತಿಗಳು ಪ್ರಕಟವಾದದ್ದು 1983ರಲ್ಲಿ. ಕೈಗಾರಿಕಾ ಸಮಾಜಕ್ಕೆ ಅಗತ್ಯವಾದ ಏಕರೂಪದ ಶಿಕ್ಷಣವು ರಾಷ್ಟ್ರವನ್ನು ರೂಪಿಸುತ್ತದೆ ಎಂಬುದು ಅರ್ನೆಸ್ಟ್ ಗೆಲ್ನರ್ ಅವರ ವಾದ. ಮುದ್ರಣ ಬಂಡವಾಳವು ದೇಶಭಾಷೆಗಳ ಮೂಲಕ ಸಾಧ್ಯವಾಗಿಸಿದ ‘ಕಲ್ಪಿತ ಸಮುದಾಯ’ವೇ ರಾಷ್ಟ್ರ ಎಂಬುದು ಬೆನೆಡಿಕ್ಟ್ ಆಂಡರ್ಸನ್ ಅವರ ನಿಲುವು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಬಂದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಇವುಗಳನ್ನು ಮುಂದಿಟ್ಟುಕೊಂಡರೆ ಧಾರವಾಡದ ಮಟ್ಟಿಗೆ ಆಂಡರ್ಸನ್ ಅವರ ಮಾತು ಒಪ್ಪಿತವಾಗುತ್ತದೆ. ಕಲಬುರಗಿಯ ನೆಲೆಯಿಂದ ನೋಡಿದಾಗ ಮಾತ್ರ ಈ ಪರಿಭಾಷೆಯ ಮಿತಿಗಳು ಗೋಚರಿಸುತ್ತವೆ.

ನಿಜಾಮರ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ. ಗೆಲ್ನರ್ ಅವರ ಸೂತ್ರದಂತೆ ಇಲ್ಲಿ ಉರ್ದು ಕೇಂದ್ರಿತ ರಾಷ್ಟ್ರಭಾವವೊಂದು ಬೇರೂರಬೇಕಿತ್ತು, ಹಾಗಾಗಲಿಲ್ಲ. ಮನೆಯ ಕನ್ನಡ ಅಳಿಯಲಿಲ್ಲ, ಕಚೇರಿಯ ಉರ್ದು ಪರಕೀಯವಾಗಿಯೂ ಉಳಿಯಲಿಲ್ಲ. ‘ಸ್ಟೇಶನ್ ಬಜಾರ’ ಎಂಬ ಕಲಬುರಗಿಯ ಸ್ಥಳನಾಮದಲ್ಲಿ ಇಂಗ್ಲಿಷ್ ಪದವೂ ಪಾರಸಿ ಪದವೂ ಕನ್ನಡದ ಉಚ್ಚಾರಕ್ಕೆ ಒಗ್ಗಿ ನಿಂತಿವೆ. ಒಂದು ಭಾಷೆ, ಒಂದು ಜನ ಎಂಬ ಸಮೀಕರಣ ಇಂಥ ಊರಿನ ಅನುಭವಕ್ಕೆ ಸಾಲದು.

1948ರ ಸೆಪ್ಟೆಂಬರ್ 17ನ್ನು ಹೆಸರಿಸುವಲ್ಲಿ ಈ ಸಮಸ್ಯೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಸೇನೆ ನಡೆಸಿದ ಐದು ದಿನಗಳ ಕಾರ್ಯಾಚರಣೆಗೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರು ನಿಂತಿತು; ಇದು ಯುದ್ಧವಲ್ಲ, ಮನೆಯೊಳಗಿನ ವ್ಯವಹಾರ ಎಂಬ ಅರ್ಥ ಅದರಲ್ಲಿದೆ. ‘ವಿಲೀನ’ ಎಂಬುದು ಪ್ರಭುತ್ವದ ಪದ; ಅದರಲ್ಲಿ ಜನರಿಲ್ಲ. ‘ವಿಮೋಚನೆ’ ಹೋರಾಟಗಾರರ ಪದ. ಅದರ ಹಿಂದೆ ರಜಾಕಾರರ ಹಾವಳಿಯ ಹಾಗೂ 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯೆಗಳ ನೆನಪಿದೆ. ಆದರೆ ಕಾರ್ಯಾಚರಣೆಯ ಅನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆ ಈ ಪದದಲ್ಲಿ ಅಡಗುವುದಿಲ್ಲ. ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27ರಿಂದ 40 ಸಾವಿರ ಎಂದು ಅಂದಾಜಿಸಿ, ಅತಿ ಹೆಚ್ಚು ಬಾಧಿತವಾದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳನ್ನು ಹೆಸರಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ರಾಷ್ಟ್ರದ ನಿರ್ಮಾಣಕ್ಕೆ ಮರೆವೂ ಬೇಕು ಎಂದು ಅರ್ನೆಸ್ಟ್ ರೆನಾನ್ 1882ರಲ್ಲಿ ಹೇಳಿದ್ದುಂಟು. ಯಾರ ಮರೆವು, ಯಾರ ಹಿತಕ್ಕೆ ಎಂಬ ಪ್ರಶ್ನೆಯನ್ನು ಆ ಮಾತಿಗೆ ಸೇರಿಸಬೇಕಾದ ಅಗತ್ಯವನ್ನು ಈ ಪ್ರದೇಶ ತೋರಿಸಿಕೊಡುತ್ತದೆ. 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದ ಮೇಲೆ ಇದೇ ದಿನಕ್ಕೆ ‘ಉತ್ಸವ’ ಎಂಬ ಪದವೂ ಸೇರಿದೆ.

ಮೂರನೆಯ ಪದ ‘ಏಕೀಕರಣ’. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಪ್ರದೇಶಗಳು ಭಾಷೆಯ ಆಧಾರದಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ನಾಡು ಒಂದಾಯಿತು, ಅವಕಾಶಗಳು ಸಮನಾಗಲಿಲ್ಲ. 2012ರ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿ ಇದಕ್ಕೆ ಸಾಕ್ಷಿ. ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಅದು ಮೀಸಲಾತಿಗೆ ಅವಕಾಶ ನೀಡುವುದು ಜನನ ಅಥವಾ ವಾಸದ ಆಧಾರದ ಮೇಲೆ, ಮಾತೃಭಾಷೆಯ ಮೇಲಲ್ಲ. ಹೊರಗಿನಿಂದ ಬಂದ ಅಧಿಕಾರಿಗಳ ಎದುರು ಸ್ಥಳೀಯರ ಹಕ್ಕನ್ನು ಕಾಯಲು ಹೈದರಾಬಾದು ಸಂಸ್ಥಾನದಲ್ಲಿ ಬಳಕೆಗೆ ಬಂದಿದ್ದ ‘ಮುಲ್ಕಿ’ ಎಂಬ ಕಲ್ಪನೆಯ ತರ್ಕವೂ ಇದೇ ಆಗಿತ್ತು. ಒಂದು ಮತ್ತೊಂದರಿಂದ ಹುಟ್ಟಿತೆಂದು ಇದರ ಅರ್ಥವಲ್ಲ. ಏಕೀಕರಣದ ಸಂಕಥನ ಕೈಬಿಟ್ಟಿದ್ದ ಪ್ರಶ್ನೆಗೆ ಸಂವಿಧಾನ ಮತ್ತೆ ಬಾಗಿಲು ತೆರೆಯಬೇಕಾಯಿತು ಎಂಬುದಷ್ಟೇ ಇಲ್ಲಿನ ಪ್ರತಿಪಾದನೆ.

ಆದ್ದರಿಂದ ‘ಕಲ್ಪಿತ ಸಮುದಾಯ’ದ ಜೊತೆಗೆ ‘ಮುಲ್ಕಿ’ಯನ್ನೂ ಕನ್ನಡದ ರಾಷ್ಟ್ರೀಯತಾ ಅಧ್ಯಯನ ತನ್ನ ಪರಿಭಾಷೆಯಲ್ಲಿ ಸೇರಿಸಿಕೊಳ್ಳಬೇಕಾಗಿದೆ. ವಿಲೀನ, ವಿಮೋಚನೆ, ಏಕೀಕರಣ ಇವು ಪರ್ಯಾಯ ಪದಗಳಲ್ಲ. ಒಂದೊಂದೂ ಒಂದೊಂದು ಬಗೆಯ ಸಾಕ್ಷ್ಯವನ್ನು ಒಳಗೆ ಕರೆದು ಮತ್ತೊಂದನ್ನು ಹೊರಗಿಡುತ್ತದೆ. ಹೊರಗುಳಿದ ಸಾಕ್ಷ್ಯವನ್ನು ಓದದೆ ಈ ಪ್ರದೇಶದ ಚರಿತ್ರೆ ಪೂರ್ಣವಾಗದು.